ಪಕ್ಕದ ಸೀಟಿನ ಯಜಮಾನರು

ಡ್ರೈವಿಂಗ್ ಸ್ಕೂಲಿನವರ ಹೆಂಡತಿಯಾಗಿ ಹದಿನಾಲ್ಕು ವರ್ಷ ಬಾಳಿದರೂ ಸ್ಟೇರಿಂಗ್ ಮುಟ್ಟದೆ ಮರ್ಯಾದೆ ಉಳಿಸಿಕೊಂಡಿದ್ದವಳು ನಾನು. ಆ ಮರ್ಯಾದೆ ನಡುಬೀದಿಯಲ್ಲಿ ಹೋದದ್ದು ಹೇಗೆ ಅಂತ ಹೇಳ್ತೀನಿ ಕೇಳಿ.

ನಮ್ಮ ಯಜಮಾನರು ಮೀಸಲು ಪಡೆಯವರು. ಅಂದರೆ ಮಾಮೂಲಿ ದಿನಗಳಲ್ಲಿ ನಿಮ್ಮ ನಮ್ಮ ಹಾಗೆ ಸಂಸಾರಸ್ಥರು, ಸರ್ಕಾರ ಕರೆದ ದಿನ ಸೈನಿಕರು. ಕರೆ ಬಂತು, ಹೋದರು. ಹನ್ನೊಂದು ತಿಂಗಳು ಗಡಿಯಲ್ಲಿ ಸೈನ್ಯದ ಲಾರಿ ಓಡಿಸಿ ವಾಪಸ್ ಬಂದರು. ಕೈಕಾಲು ನೆಟ್ಟಗಿವೆ ಅಂತ ನಾನೂ ಅತ್ತೆಯೂ ನೆಮ್ಮದಿಪಟ್ಟೆವು. ಆ ನೆಮ್ಮದಿಯ ಆಯಸ್ಸು ಮೂರು ದಿನ.

ನಾಲ್ಕನೆಯ ದಿನದಿಂದ ನೋಡ್ತೀನಿ, ಮನುಷ್ಯ ಮುಂದಿನ ಕೋಣೆಯಲ್ಲಿ ಮೇಜಿನ ಮುಂದೆ ಕೂತು ಹಳೇ ರಿಜಿಸ್ಟರ್ ತೆಗೆಯೋದು, ಮುಚ್ಚೋದು. ಅದರಲ್ಲಿದ್ದವರೆಲ್ಲ ಬೇರೆ ಸ್ಕೂಲಿನಲ್ಲಿ ಕಲಿತು, ಲೈಸೆನ್ಸೂ ತಗೊಂಡು, ನಮ್ಮ ಮನೆ ಮುಂದೆಯೇ ಭರ್ ಅಂತ ಓಡಾಡ್ತಿದ್ದರು. ಹೊರಗೆ ಕಾರಿನ ಟಯರುಗಳು ಗಾಳಿ ಇಳಿದು ಕೂತಿದ್ದವು. ಒಳಗೆ ಮಾಲೀಕರೂ ಹಾಗೇ.

"ನಾಲ್ಕು ಜನಕ್ಕೆ ಫೋನ್ ಮಾಡಬಾರದೇನ್ರೀ?"

"ನಾಳೆ ಮಾಡ್ತೀನಿ."

ಇಂಥ ನಾಳೆಗಳು ಹದಿನೈದು ಕಳೆದವು. ಹದಿನಾರನೆಯ ದಿನ ಯಾರೋ ಬಂದು ಕಾರಿನ ಬಾಗಿಲು ತೆಗೆದು, ಮುಚ್ಚಿ, ಬಗ್ಗಿ ನೋಡ್ತಿದ್ದ.

"ಕೊಂಡುಕೊಳ್ಳೋನಂತೆ," ಅಂದರು ಅತ್ತೆ, ದನಿ ತಗ್ಗಿಸಿ.

ಕಾರು ಹೋದರೆ ಸ್ಕೂಲು ಹೋಯಿತು. ಸ್ಕೂಲು ಹೋದರೆ ಈ ಮನುಷ್ಯ ಆ ಮೇಜು ಬಿಟ್ಟು ಏಳೋದೇ ಇಲ್ಲ. ತಕ್ಷಣ ಘೋಷಿಸಿಬಿಟ್ಟೆ: "ನಾಳೆಯಿಂದ ನಾನು ಕಾರು ಕಲೀತೀನಿ. ಕಾರಿನ ಮೇಲೆ ಸ್ಕೂಲಿನ ಬೋರ್ಡೂ ಇರಲಿ." ಬೋರ್ಡು ಹೊತ್ತ ಕಾರು ಬೀದಿ ಸುತ್ತಿದರೆ ಸ್ಕೂಲು ತೆರೆದಿದೆ ಅಂತ ಎಲ್ಲರಿಗೂ ಗೊತ್ತಾಗುತ್ತಲ್ಲ, ಅದು ನನ್ನ ದೂರಾಲೋಚನೆ.

"ನೀನಾ?" ಅಂದರು. ಬಂದಾಗಿನಿಂದ ಅವರು ಕೇಳಿದ ಮೊದಲ ಪ್ರಶ್ನೆ ಅದು.

ಬೆಳಿಗ್ಗೆ ಟಯರಿಗೆ ಗಾಳಿ ತುಂಬಿಸಿ ಹೊರಟೆವು. ಅತ್ತೆ ಹಿಂದಿನ ಸೀಟು ಹತ್ತಿದರು. (ಮನೇಲಿ ಒಬ್ಬರೇ ಕೂತು ಗಾಬರಿಯಾಗೋದಕ್ಕಿಂತ ಜೊತೇಲಿ ಕೂತು ಗಾಬರಿಯಾಗೋದು ವಾಸಿಯಂತೆ.) ಕಾರು ಕಪ್ಪೆಯ ಹಾಗೆ ಕುಪ್ಪಳಿಸುತ್ತಾ ಅಂಗಡಿ ಬೀದಿ ಸೇರಿತು. "ಮುಂದೆ. ಎಡಕ್ಕೆ." ಯಜಮಾನರದು ಬರೀ ಸೈನ್ಯದ ಆಜ್ಞೆ.

ರಸ್ತೆ ನಡುವೆ ಒಂದು ರಟ್ಟಿನ ಪೆಟ್ಟಿಗೆ ಬಿದ್ದಿತ್ತು. "ನಿಲ್ಸು," ಅಂದರು. ನಾನು ನಿಲ್ಲಿಸುವ ಮೊದಲೇ ಕಾರು ನಿಂತಿತು. (ಕಲಿಸುವವರ ಕಾಲಡಿಯಲ್ಲೂ ಒಂದು ಬ್ರೇಕು ಇರುತ್ತೆ.) "ಯಾರೂ ಇಳೀಬೇಡಿ."

ಆ ಪೆಟ್ಟಿಗೆಯನ್ನೇ ನೋಡುತ್ತಾ ಕೂತರು. ಹಿಂದಿನ ಗಾಡಿಗಳು ಹಾರನ್ ಬಾರಿಸಿ, ಬೈದು, ಪಕ್ಕದಿಂದ ದಾಟಿಹೋದವು. ಅವರ ಹಣೆಯಲ್ಲಿ ಬೆವರು. ಅತ್ತೆ ಹಿಂದಿನಿಂದ ಮಗನ ಭುಜ ಮುಟ್ಟಿ, "ಖಾಲಿ ಪೆಟ್ಟಿಗೆ ಕಣೋ. ಚಪ್ಪಲಿ ಅಂಗಡಿಯದು," ಅಂದರು.

"ಗೊತ್ತಮ್ಮ. ಅಲ್ಲಿ ಇಂಥದರೊಳಗೇ ಬಾಂಬ್ ಇಡ್ತಿದ್ದರು," ಅಂದರು ಅವರು. ಆಮೇಲೆ ನನಗೆ, "ಕಲಿಯೋಕೆ ಬಂದವರನ್ನ ಕೂರಿಸ್ಕೊಂಡು ಹೀಗೆ ನಿಂತುಬಿಟ್ಟರೆ ಏನ್ ಮಾಡ್ಲಿ, ಹೇಳು."

ಹದಿನೈದು ನಾಳೆಗಳ ಅರ್ಥ ನನಗೆ ಆಗ ಆಯಿತು. "ಹಿಂದಕ್ಕೆ ಹೋಗಿ ಬೇರೆ ಬೀದಿ ಹಿಡಿಯೋಣ ಬಿಡಿ," ಅಂತ ರಿವರ್ಸ್ ಗೇರು ಹಾಕಿ ಕಾಲು ಒತ್ತಿದೆ. ಯಾವುದರ ಮೇಲೆ ಒತ್ತಿದೆನೋ, ಅವರು ಬ್ರೇಕು ಹಿಡಿಯುವಷ್ಟರಲ್ಲಿ ಕಾರು ಪ್ಲಾಸ್ಟಿಕ್ ಅಂಗಡಿಯವನ ಬಕೆಟ್ ಗೋಪುರಕ್ಕೆ ನುಗ್ಗಿತ್ತು. ಬಕೆಟ್ಟುಗಳು ಕಾರಿನ ಮೇಲೆ ಸುರಿದವು. ನಾನು ಹಾರನ್ ಮೇಲೆ ಬಿದ್ದೆ. ವೈಪರು ತಾನಾಗಿಯೇ ಆಡತೊಡಗಿತು.

"ಗಾಬರಿ ಬೇಡ," ಅಂದರು ಯಜಮಾನರು. "ಕೈ ತೆಗಿ. ಗೇರು ಬಿಡಿಸು. ಹಾಂ, ಅಷ್ಟೇ. ನಾನಿದೀನಲ್ಲ."

ಕರೆ ಬಂದ ದಿನ ಹೊರಟುಹೋಗಿದ್ದ ಡ್ರೈವಿಂಗ್ ಮೇಷ್ಟ್ರ ದನಿ ಅದು. ಇಳಿದು ಹೋಗಿ ಒಂದೊಂದೇ ಬಕೆಟ್ಟು ಜೋಡಿಸಿಟ್ಟರು. ಅಂಗಡಿಯವನ ಕ್ಷಮೆ ಕೇಳಿದರು. ಬರುವಾಗ ಆ ರಟ್ಟಿನ ಪೆಟ್ಟಿಗೆಯ ಹತ್ತಿರ ಒಂದು ಗಳಿಗೆ ನಿಂತು, ಬಗ್ಗಿ ಎತ್ತಿ, ಪಕ್ಕಕ್ಕಿಟ್ಟರು.

ನಾನು ಮನೆಗೆ ಬಂದವಳೇ ಅಡುಗೆಮನೆ ಸೇರಿದೆ. ಸ್ಕೂಲಿಗೆ ನನ್ನ ಕೈಯಾರೆ ಬೀಗ ಹಾಕಿದೆ ಅನ್ನೋದರಲ್ಲಿ ನನಗೆ ಅನುಮಾನವಿರಲಿಲ್ಲ. ಮಾರನೇ ಬೆಳಿಗ್ಗೆ ಬಾಗಿಲಲ್ಲಿ ಮೂವರು ಹೆಂಗಸರು. ಔಷಧಿ ಅಂಗಡಿಯಾಕೆ ಮುಂದೆ ಬಂದು, "ಸೇರ್ಕೋಬೇಕಿತ್ತು," ಅಂದಳು.

"ನಿನ್ನೆ ನೋಡಿದಿರಲ್ಲ?" ಅಂದೆ, ಬಾಯಿ ತಪ್ಪಿ.

"ನೋಡಿದ್ದಕ್ಕೇ ಬಂದ್ವಿ. ನಿಮ್ಮಂಥೋರನ್ನ ಪಕ್ಕದಲ್ಲಿ ಇಟ್ಕೊಂಡೂ ದನಿ ಏರಿಸಲಿಲ್ಲ ನಿಮ್ಮನೆಯವರು. ನಾವು ಅಷ್ಟು ಕೆಟ್ಟದಾಗಿ ಓಡಿಸಲಾರೆವು."

ಎರಡು ತಿಂಗಳಲ್ಲಿ ಹನ್ನೊಂದು ಜನ ಸೇರಿದರು. ಈಗಲೂ ಯಜಮಾನರು ಒಮ್ಮೊಮ್ಮೆ ರಸ್ತೆಯಲ್ಲಿ ಏನನ್ನೋ ಕಂಡು ಗಾಡಿ ನಿಲ್ಲಿಸಿಬಿಡ್ತಾರಂತೆ. ಅದೂ ಪಾಠದ ಭಾಗ ಅಂದುಕೊಂಡು ಕಲಿಯುವವರು ಸುಮ್ಮನೆ ಕಾಯ್ತಾರಂತೆ.

ನಾನೂ ಬಿಡದೆ ಕಲಿತೆ. ಕಾರು ಈಗ ಕುಪ್ಪಳಿಸೋದಿಲ್ಲ, ರಿವರ್ಸು ದಾರದ ಹಾಗೆ ನೇರ. ಮೊನ್ನೆ ಎದೆಯುಬ್ಬಿಸಿ, "ರೀ, ನನ್ನ ಪರೀಕ್ಷೆಗೆ ದಿನ ಹಾಕಿಸಿ," ಅಂದೆ.

ಯಜಮಾನರು ತಲೆ ಕೆರೆದುಕೊಂಡು ಅತ್ತೆಯ ಮುಖ ನೋಡಿದರು.

"ಸ್ವಲ್ಪ ತಡಿಯಮ್ಮ," ಅಂದರು ಅತ್ತೆ. "ಬೇಕರಿಯಾಕೆ, ಅವಳ ತಂಗಿ ಇಬ್ಬರೂ ಸೇರೋ ಯೋಚನೇಲಿದ್ದಾರೆ. ಅವರೆದುರಿಗೆ ಒಂದ್ಸಲ ಚೆನ್ನಾಗಿ ಗುದ್ದಿ, ಆಮೇಲೆ ಪಾಸಾಗುವೆಯಂತೆ."