ಅಳಿಯನ ಕೈಗೆ ಕೊಟ್ಟ ಕಮೇಲಿಯಾ

ಮೊಗ್ಗು ತನ್ನ ತುದಿಯಲ್ಲಿ ಒಂದೆಳೆ ಗುಲಾಬಿ ಬಣ್ಣ ತೋರಿಸಿದ್ದೇ ತಪ್ಪಾಯಿತು. ಅದಕ್ಕಿಂತ ದೊಡ್ಡ ತಪ್ಪು, ಅಳಿಯ ಆ ಸಂತೋಷವನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾರದೆ ಮೆಟ್ಟಿಲಿಳಿಯುತ್ತಿದ್ದ ಟೈಲರನಿಗೆ ಹೇಳಿದ್ದು. ಟೈಲರನಿಗೆ ಕೊಟ್ಟ ಬಟ್ಟೆ ಯಾವತ್ತಾದರೂ ಕೈಸೇರೀತು. ಕೊಟ್ಟ ಸುದ್ದಿ ಮಾತ್ರ ಅರ್ಧ ಗಂಟೆಯಲ್ಲಿ ಸಿದ್ಧವಾಗಿ ಎಲ್ಲರ ಮನೆ ತಲುಪುತ್ತಿತ್ತು.

ಅವನು ಆ ಕಟ್ಟಡಕ್ಕೆಲ್ಲ ಅಳಿಯನೇ. ಅತ್ತೆಯ ಮನೆ ಕೆಳಗೆ, ಅವನದೂ ಹೆಂಡತಿಯದೂ ಅದರ ಮೇಲೆ. ಅವನಿಗೆ ಕನ್ನಡಕದಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವ ಕೆಲಸ. ಅಲ್ಲಿ ಅವನ ಬೆರಳು ತಪ್ಪಿದ್ದೇ ಇಲ್ಲ. ಮನೆಗೆ ಬಂದರೆ ಅದೇ ಬೆರಳುಗಳಿಗೆ ಏನಾಗುತ್ತಿತ್ತೋ ಏನೋ. ಅತ್ತೆ ನೋಡಿಕೊಳ್ಳಲು ಬಿಟ್ಟುಹೋದ ಬಣ್ಣದ ಮೀನುಗಳು ಹೊಟ್ಟೆ ಮೇಲಾಗಿ ತೇಲಿದ್ದವು. ಅವರ ಗೋಡೆ ಗಡಿಯಾರ ಇವನಿಂದ ಎಣ್ಣೆ ಹಾಕಿಸಿಕೊಂಡ ಮೇಲೆ ಹಿಂದಕ್ಕೆ ನಡೆಯಲು ಶುರುಮಾಡಿತ್ತು. ಅತ್ತೆ ಒಮ್ಮೆಯೂ ಬೈದವರಲ್ಲ. “ಇರಲಿ ಬಿಡಿ” ಅನ್ನುತ್ತಿದ್ದರು. ಆ ಎರಡು ಮಾತಿಗಿಂತ ಎರಡು ಬೈಗುಳವೇ ವಾಸಿ ಅನಿಸುತ್ತಿತ್ತು ಅವನಿಗೆ.

ಹೀಗಿರುವಾಗ, ದೊಡ್ಡ ಮಗಳ ಮನೆಗೆ ಹೊರಟ ಅತ್ತೆ ತಮ್ಮ ಕಮೇಲಿಯಾ ಕುಂಡವನ್ನು ಬೇರೆ ಯಾರಿಗೂ ಕೊಡದೆ ಅವನ ಕೈಗೇ ಕೊಟ್ಟರು. ಅದು ತಂಪು ಬೆಟ್ಟದ ಗಿಡ. ವರ್ಷವಿಡೀ ಹಸಿರು, ಗುಲಾಬಿಗಿಂತ ಒತ್ತಾದ ಎಸಳುಗಳ ಹೂ. ದೊಡ್ಡ ಮಗಳ ಅತ್ತೆ, ಅಂದರೆ ಇವರ ಬೀಗಿತ್ತಿ, ಪ್ರೀತಿಯಿಂದ ಕೊಟ್ಟದ್ದು. ಈ ಊರಿನ ಬಿಸಿಲಿನಲ್ಲಿ ಅದು ಮನಸ್ಸಿಲ್ಲದೆ ಬಂದ ನೆಂಟರಂತೆ ಎಲ್ಲಕ್ಕೂ ಮುಖ ಸಿಂಡರಿಸುತ್ತಿತ್ತು. ಬೆಳಗಿನ ಬಿಸಿಲು ಬೇಕು, ಮಧ್ಯಾಹ್ನದ್ದು ಕೂಡದು. ಬೇರಿಗೆ ತೇವ ಬೇಕು, ನೀರು ನಿಂತರೆ ಕೋಪ.

ಅಳಿಯ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡ. ಬೆಳಿಗ್ಗೆ ಮೆಟ್ಟಿಲ ಪಕ್ಕದ ಕಿಟಕಿಗೆ ಹೊತ್ತ, ಬಿಸಿಲೇರಿದಂತೆ ಒಳಗಿನ ಮೂಲೆಗೆ ಹೊತ್ತ. ಕುಂಡಕ್ಕೆ ಒದ್ದೆ ಗೋಣಿ ಸುತ್ತಿದ. ಬುಡಕ್ಕೆ ಒಣ ಎಲೆ ಮುಚ್ಚಿದ. ಆದರೂ ಮೊಗ್ಗುಗಳು ಒಂದೊಂದಾಗಿ ಉದುರಿ ಕೊನೆಗೆ ಒಂದೇ ಒಂದು ಉಳಿಯಿತು. ಇವತ್ತು ಸಂಜೆ ಅತ್ತೆ ವಾಪಸು ಬರುವವರು. ಅವರೆದುರು ಆ ಒಂದು ಮೊಗ್ಗು ಹೂವಾಗಿ ನಿಂತರೆ ಸಾಕು, ಕೈಲಾಗದವ ಎಂಬ ಹೆಸರು ಅಳಿಸಿಹೋಗುತ್ತದೆ.

ಹೆಂಡತಿ ಶಾಲೆಯಲ್ಲಿ ಟೀಚರು. ಹೊರಡುವ ಮುಂಚೆ ಗಂಡನನ್ನೂ ಗಿಡವನ್ನೂ ಒಮ್ಮೆ ನೋಡಿ ಹೇಳಿದಳು: “ರೀ, ಇವತ್ತೊಂದಿನ ಯಾರ ಮಾತೂ ಕೇಳ್ಬೇಡಿ. ನಿಮಗೆ ತೋಚಿದ್ದನ್ನೂ ಮಾಡ್ಬೇಡಿ. ಸುಮ್ನೆ ಅದರ ಪಕ್ಕ ಕೂತಿರಿ.”

ಅಂಗಡಿಗೆ ವಾರದ ರಜೆ, ಕೂತ. ಕೂತಲ್ಲಿಗೇ ಎಲ್ಲರೂ ಬಂದರು.

ಮೊದಲು ಬಂದವರು ಎದುರುಮನೆಯ ನರ್ಸಮ್ಮ. ಎಲೆಯೊಂದನ್ನು ನಾಡಿ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು, ಸ್ವಲ್ಪ ಹೊತ್ತು ಕಣ್ಣುಮುಚ್ಚಿ, ಜ್ವರ ಇದೆ ಅಂದರು. ಅವರೇ ತಮ್ಮ ಫ್ರಿಜ್ಜಿನಿಂದ ಐಸ್ ತಂದು ಬುಡಕ್ಕೆ ಸುರಿದರು. ಬೇಡ ಅನ್ನಲು ಅಳಿಯ ಬಾಯಿ ತೆರೆದ. ನರ್ಸಮ್ಮನ ಎದುರು ಬಾಯಿ ತೆರೆದವರಿಗೆ ನಾಲಿಗೆ ತೋರಿಸುವುದಷ್ಟೇ ಸಾಧ್ಯ.

ಅವರು ಅತ್ತ ಹೋಗುತ್ತಲೇ ಮೇಲ್ಮನೆಯ ಡ್ರಿಲ್ ಮೇಷ್ಟ್ರು ಬಂದರು. ನಿವೃತ್ತರಾಗಿ ವರ್ಷಗಳಾದರೂ ಕೊರಳಿಂದ ಸೀಟಿ ಇಳಿದಿರಲಿಲ್ಲ. ಗಿಡಕ್ಕೆ ಐಸೇ ಎಂದು ಗದರಿ, ಅಷ್ಟನ್ನೂ ಬಾಚಿ ತೆಗೆಸಿದರು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ಮೊಗ್ಗನ್ನು ತಡವಾಗಿ ಬಂದ ವಿದ್ಯಾರ್ಥಿಯಂತೆ ದಿಟ್ಟಿಸಿದರು.

“ಮುದ್ದು ಮಾಡಿ ಕೆಡಿಸಿದೀಯ ಅಳಿಯಾ. ಬಿಸಿಲು ಕಾಣಿಸು, ತಾನೇ ಅರಳತ್ತೆ. ನಾನು ಮೈದಾನದಲ್ಲಿ ನಿಲ್ಸಿದ ಹುಡುಗ್ರೆಲ್ಲ ಇವತ್ತು ಹೇಗಿದಾರೆ ನೋಡು.”

ಇದು ಹುಡುಗನಲ್ಲ, ಗಿಡ ಎಂದು ಅಳಿಯ ಹೇಳುವಷ್ಟರಲ್ಲಿ ಕುಂಡ ಮೇಷ್ಟ್ರ ತೋಳಲ್ಲಿತ್ತು, ಮೇಷ್ಟ್ರು ತಾರಸಿಯ ಮೆಟ್ಟಿಲಲ್ಲಿದ್ದರು. ಅಳಿಯ ಹಿಂದೆ ಓಡಿದ. ತಾರಸಿಯ ನಡುವೆ ಕುಂಡ ಇಳಿಸಿ, ಬೆವರೊರೆಸಿಕೊಂಡು, ಮೇಷ್ಟ್ರು ಗೋಡೆಯಂಚಿಗೆ ಹೋಗಿ ಬೀದಿ ನೋಡುತ್ತ ನಿಂತರು. ಅದೇ ಸಮಯವೆಂದು ಅಳಿಯ ಕುಂಡವನ್ನು ಸದ್ದಿಲ್ಲದೆ ನೀರಿನ ಟ್ಯಾಂಕಿನ ಹಿಂದಕ್ಕೆ ಎಳೆದುಕೊಂಡು ಹೋದ.

ಮೇಷ್ಟ್ರು ತಿರುಗಿ ನೋಡಿದರು. ಗಿಡವೂ ಇಲ್ಲ, ಅಳಿಯನೂ ಇಲ್ಲ. ಹೆದರಿ ಕೆಳಗೆ ಹೊತ್ತುಕೊಂಡು ಹೋದನೆಂದು ತಿಳಿದು, ತಲೆಯಾಡಿಸಿ ಇಳಿದರು. ಇಳಿಯುವಾಗ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದರು. ಪಾರಿವಾಳಗಳು ಮೆಟ್ಟಿಲಲ್ಲಿ ಗೂಡು ಕಟ್ಟದಂತೆ, ಕೊನೆಗೆ ಇಳಿದವರು ಚಿಲಕ ಹಾಕಬೇಕೆಂಬ ನಿಯಮ ಮಾಡಿದವರೇ ಅವರು.

ಅಳಿಯ ಬಾಗಿಲು ಬಡಿದ, ಕೂಗಿದ. ಆ ಸೆಖೆಗೆ ಎಲ್ಲ ಮನೆಗಳ ಕಿಟಕಿ ಮುಚ್ಚಿತ್ತು, ಎಲ್ಲ ಫ್ಯಾನುಗಳು ಗಿರಗಿರ ಅನ್ನುತ್ತಿದ್ದವು. ಅವನ ಫೋನು ಮನೆಯಲ್ಲಿ ದಿಂಬಿನ ಪಕ್ಕ ಹಾಯಾಗಿ ಮಲಗಿತ್ತು.

ಸೂರ್ಯ ನೆತ್ತಿಗೆ ಬಂದ. ಟ್ಯಾಂಕಿನ ನೆರಳು ಕುಗ್ಗಿ ಕುಗ್ಗಿ ಟ್ಯಾಂಕಿನ ಅಡಿಗೇ ಸೇರಿಕೊಂಡಿತು. ನೆಲ ಕಾದ ಕಾವಲಿಯಾಯಿತು. ಬೇರು ಬೆಂದುಹೋದೀತೆಂದು ಅಳಿಯ ತನ್ನ ಚಪ್ಪಲಿ ಬಿಚ್ಚಿ ಕುಂಡದ ಕೆಳಗಿಟ್ಟ, ತಾನು ಕಾಲು ಬದಲಾಯಿಸುತ್ತ ಕುಣಿದ. ಅಂಗಿ ಬಿಚ್ಚಿ ಟ್ಯಾಂಕಿನ ನೀರಲ್ಲಿ ಅದ್ದಿ ಕುಂಡಕ್ಕೆ ಸುತ್ತಿದ. ಉಳಿದದ್ದು ಅವನ ಮೈಯೊಂದೇ. ಅದರ ನೆರಳು ಮೊಗ್ಗಿನ ಮೇಲೆ ಬೀಳುವಂತೆ ಬಾಗಿ ನಿಂತ. ಸೂರ್ಯ ಜರುಗಿದಂತೆ ತಾನೂ ಜರುಗಿದ.

“ಸ್ವಲ್ಪ ತಡ್ಕೋ,” ಅಂದ ಮೊಗ್ಗಿಗೆ, ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು. “ಅತ್ತೆ ಬರೋವರೆಗೆ.”

ರಸ್ತೆಯಾಚೆ ಟೈಲರ್ ತನ್ನ ಅಂಗಡಿಯಿಂದ ತಲೆಯೆತ್ತಿದ್ದು ಕಾಣಿಸಿತು. ಅಳಿಯ ಎರಡೂ ಕೈ ಬೀಸಿದ. ಟೈಲರನೂ ಕತ್ತರಿ ಕೆಳಗಿಟ್ಟು, ಅಷ್ಟೇ ಪ್ರೀತಿಯಿಂದ ಎರಡೂ ಕೈ ಬೀಸಿ, ಮತ್ತೆ ಮೆಷಿನ್ ತುಳಿಯತೊಡಗಿದ.

ಪುಣ್ಯಕ್ಕೆ ಟೈಲರನಿಗೆ ಸುದ್ದಿ ಇಟ್ಟುಕೊಂಡು ಅಭ್ಯಾಸವಿಲ್ಲ. ಬಿಸಿಲು ಇಳಿಮುಖವಾದಾಗ ಲಂಗಕ್ಕೆ ಅಳತೆ ಕೊಡಲು ಬಂದ ನರ್ಸಮ್ಮನಿಗೆ, ಅಳಿಯ ತಾರಸಿಯಲ್ಲಿ ಬರಿಮೈಯಲ್ಲಿ ವ್ಯಾಯಾಮ ಮಾಡುತ್ತಿದ್ದಾನೆ, ನಡುನಡುವೆ ಯಾರ ಜತೆಗೋ ಮಾತೂ ಆಡುತ್ತಿದ್ದಾನೆ ಎಂದ. ಬಿಸಿಲು ತಲೆಗೇರಿದೆ ಎಂದು ನರ್ಸಮ್ಮ ಒಂದೇ ಉಸಿರಿಗೆ ಓಡಿದರು. ಹಿಂದೆ ಒದ್ದೆ ದುಪ್ಪಟಿ ಹಿಡಿದು ಟೈಲರ್, ಅವನ ಹಿಂದೆ ನಿದ್ದೆಗಣ್ಣಿನ ಮೇಷ್ಟ್ರು. ಚಿಲಕ ತೆಗೆದವರೇ ಅಳಿಯನಿಗೆ ದುಪ್ಪಟಿ ಸುತ್ತಿದರು.

“ನಂಗಲ್ಲ ಸಿಸ್ಟರ್, ಗಿಡಕ್ಕೆ ಸುತ್ತಿ,” ಅಂದ ಅಳಿಯ.

“ನೋಡಿ, ಬಡಬಡಿಸ್ತಾ ಇದಾರೆ,” ಅಂದರು ನರ್ಸಮ್ಮ.

ಅಂತೂ ಗಿಡವನ್ನು ಮೇಷ್ಟ್ರು, ಅಳಿಯನನ್ನು ಉಳಿದಿಬ್ಬರು ಹೊತ್ತು ಅತ್ತೆಯ ಮನೆ ಜಗುಲಿಗೆ ಇಳಿಸಿದರು. ಸಂಜೆಯ ಗಾಳಿ ತಗುಲಿತೋ, ಸಾಕು ಇವನ ಪಾಡು ಅನಿಸಿತೋ, ಎಲ್ಲರೂ ನೋಡುತ್ತಿದ್ದಂತೆ ಮೊಗ್ಗು ಬಿರಿಯಿತು.

ಶಾಲೆಯಿಂದ ಬಂದ ಹೆಂಡತಿ ಹೂವನ್ನು ನೋಡಿದಳು, ಆಮೇಲೆ ಇಟ್ಟಿಗೆಯಂತೆ ಕೆಂಪಾದ ಗಂಡನ ಬೆನ್ನನ್ನು. ನಕ್ಕಳು, ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೂವಿನ ಫೋಟೊ ತೆಗೆದು ಅಕ್ಕನಿಗೆ ಆ ಕ್ಷಣವೇ ಕಳಿಸಿಬಿಟ್ಟಳು, ಕೆಳಗೆ “ನಮ್ಮೋರು ಬೆಳೆಸಿದ್ದು” ಎಂದು ಬರೆದು.

ಅತ್ತೆ ಬಂದಾಗ ಎಲ್ಲರೂ ಜಗುಲಿಯಲ್ಲಿ ಸಾಲಾಗಿ ನಿಂತಿದ್ದರು. ಅವರು ಚೀಲ ಕೆಳಗಿಡಲೂ ಮರೆತು ಹೂವನ್ನೇ ನೋಡಿದರು.

“ಅರಳಿಬಿಡ್ತಾ?” ಅಂದರು, ಅಷ್ಟೇ.

ಎಲ್ಲರನ್ನೂ ಕಳಿಸಿ, ಅಳಿಯನನ್ನು ಅಡುಗೆಮನೆಯಲ್ಲಿ ಮಣೆಯ ಮೇಲೆ ಕೂರಿಸಿ, ತಾವೇ ಅವನ ಬೆನ್ನಿಗೆ ತಣ್ಣೀರಿನ ಟವೆಲ್ ಹಾಕಿದರು. ಆಮೇಲೆ ದನಿ ತಗ್ಗಿಸಿದರು.

“ಅಳಿಯಂದ್ರೇ, ಬೇಜಾರ್ ಮಾಡ್ಕೋಬೇಡಿ. ಅದು ಒಣಗಿ ಹೋಗ್ಲಿ ಅಂತಲೇ ನಿಮ್ಮ ಕೈಗೆ ಕೊಟ್ಟಿದ್ದೆ.”

ಅಳಿಯ ತಿರುಗಿ ಅತ್ತೆಯ ಮುಖ ನೋಡಿದ.

“ಬಿಸಿಲಿಂದ ನೆರಳಿಗೆ, ನೆರಳಿಂದ ಬಿಸಿಲಿಗೆ ಹೊತ್ತು ಹೊತ್ತು ನನ್ನ ಸೊಂಟ ಬಿದ್ದೋಯ್ತು. ಬಿಸಾಕೋ ಹಾಗಿಲ್ಲ. ಬೀಗಿತ್ತಿ ಫೋನ್ ಮಾಡಿದ್ರೆ ಮೊದಲು ಅದರ ಕ್ಷೇಮ, ಆಮೇಲೆ ನನ್ನದು. ಮೇಷ್ಟ್ರಿಗೆ ಕೊಟ್ಟಿದ್ರೆ ಹಟ ಮಾಡಿ ಬದುಕಿಸಿಬಿಡ್ತಿದ್ರು. ನಿಮ್ಮ ಕೈಲಾದ್ರೆ ಅನುಮಾನವೇ ಇಲ್ಲ ಅಂತ ನೆಮ್ಮದಿಯಾಗಿದ್ದೆ. ಅಲ್ಲಿ ಬೀಗಿತ್ತಿ ಮುಂದೆ ‘ಗಿಡ ಉಳಿಯೋದು ಕಷ್ಟ’ ಅಂತ ಕಣ್ಣೀರು ಬೇರೆ ಹಾಕಿ ಬಂದಿದೀನಿ.”

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಬೀಗಿತ್ತಿ. ಫೋಟೊ ಅಲ್ಲಿಗೆ ತಲುಪಿತ್ತು. ಅತ್ತೆ ಹೌದೌದು ಅಂದರು, ಎಲ್ಲ ಅಳಿಯಂದಿರ ಕೈಗುಣ ಅಂದರು, ಅಯ್ಯೋ ಅಷ್ಟೆಲ್ಲ ಯಾಕೆ ಅಂದರು, ಕೊನೆಗೆ ಏನೂ ಅನ್ನಲಾಗದೆ ಫೋನು ಇಟ್ಟರು.

“ಇನ್ನೂ ಎರಡು ಗಿಡ ಕಳಿಸ್ತಾರಂತೆ,” ಅಂದರು. “ಒಂದು ಬಿಳೀದು, ಒಂದು ಕೆಂಪಂದು. ನಾಳೆ ಬಸ್ಸಿಗೇ ಹಾಕ್ತಾರಂತೆ. ಕಿರಿ ಅಳಿಯನ ಕೈಲೇ ಬೆಳೀಬೇಕು ಅಂತ ಕಟ್ಟುನಿಟ್ಟಾಗಿ ಹೇಳಿದಾರೆ.”

ಟವೆಲನ್ನು ಮತ್ತೊಮ್ಮೆ ನೀರಲ್ಲಿ ಅದ್ದಿ, ಹಿಂಡಿ, ಅವನ ಹೆಗಲ ಮೇಲೆ ಮೃದುವಾಗಿ ಹಾಸಿದರು.

“ಈ ಸಲನಾದ್ರೂ ನನ್ನ ನಂಬಿಕೆ ಉಳಿಸ್ಕೊಳ್ಳಿ.”