ನೀಲಿ ಹೊಗೆಯ ಮೂರು ಉಂಡೆ

ಹನ್ನೊಂದು ವರ್ಷದ ತೇಜಶ್ರೀ ಕನ್ನಡದಲ್ಲಿ ಮೂರು ಮಾತು ಆಡಲು ಒಪ್ಪಿದ್ದಳು, ನೀಲಿ ಹೊಗೆ ಇದ್ದರೆ ಮಾತ್ರ. ಅವಳ ಅಪ್ಪ ಶಿವರಂಜನನ ಆ ಭಾನುವಾರ ಕೆಟ್ಟದ್ದು ಅಲ್ಲಿಂದ.

ಶಿವರಂಜನನಿಗೆ ಚೆನ್ನೈಯ ಗಿಂಡಿಯಲ್ಲಿ ವಿಮಾ ಕಚೇರಿಯ ಕೆಲಸ, ಪೋರೂರಿನಲ್ಲಿ ಮನೆ. ಮಗಳಿಗೆ ಕನ್ನಡ ತಿಳಿಯುತ್ತಿತ್ತು, ನಾಲಿಗೆಗೆ ಮಾತ್ರ ಬರುತ್ತಿರಲಿಲ್ಲ. "ಊಟ ಆಯ್ತಾ ಮಗಳೇ" ಎಂದರೆ "ಆಚ್ಚುಪ್ಪಾ" ಎಂದು ತಮಿಳಿನಲ್ಲೇ ಉತ್ತರಿಸುವಳು. ಒಮ್ಮೆಯಾದರೂ ಆ ಬಾಯಲ್ಲಿ ಕನ್ನಡ ಕೇಳಬೇಕೆಂದು ಅವನು ಮೂರು ತಿಂಗಳು ಓಡಾಡಿ, ಕನ್ನಡ ಸಂಘದ ಸಮುದ್ರಮಥನ ನಾಟಕದಲ್ಲಿ ಅವಳಿಗೆ ಶಿವನ ಪಾತ್ರ ಕೊಡಿಸಿದ್ದ. ವಿಷದ ಕೊಡದಿಂದ ನೀಲಿ ಹೊಗೆ ಏಳಬೇಕು, ಶಿವ ಅದನ್ನು ಕುಡಿದು ಮೂರು ಮಾತು ಆಡಬೇಕು.

"ಪೊಗೆ ಇಲ್ಲನ್ನಾ ನಾನ್ ನಡಿಕ್ಕ ಮಾಟ್ಟೇನ್ಪಾ" ಎಂದಿದ್ದಳು ಮಗಳು. ಹೊಗೆ ಇಲ್ಲದಿದ್ದರೆ ನಟನೆಯೂ ಇಲ್ಲ.

ಪಟಾಕಿ ಅಂಗಡಿಯಲ್ಲಿ ಕೆಂಪು ಹೊಗೆಯಿತ್ತು, ಹಸಿರಿತ್ತು, ನೀಲಿ ಮುಗಿದಿತ್ತು. ಶಿವರಂಜನ ವಿಡಿಯೋ ನೋಡಿ ತಾನೇ ಮೂರು ಉಂಡೆ ಕಟ್ಟಿದ. ಏನೇನು ಬೆರೆಸಿದ, ಎಷ್ಟೆಷ್ಟು ಎಂಬುದನ್ನು ಇಲ್ಲಿ ಬರೆಯುವಂತಿಲ್ಲ. ಓದುವವರ ತಲೆಯ ಮೇಲೂ ಒಂದು ಸೂರಿದೆ.

ಬೆಳಿಗ್ಗೆ ಒಂದು ಉಂಡೆ ಹಚ್ಚಿ ನೋಡೋಣವೆಂದು ಮೆಟ್ಟಿಲು ಹತ್ತುವಾಗ ಕೆಳಮನೆಯ ಗುಂಡಣ್ಣನವರು ಎದುರಾದರು. ರೈಲ್ವೆಯ ಸುರಕ್ಷತಾ ವಿಭಾಗದಿಂದ ನಿವೃತ್ತರಾಗಿ ಆರು ವರ್ಷವಾಗಿತ್ತು. ಆರು ವರ್ಷದಿಂದ ಅವರ ಕೈಗೆ ಒಂದು ಅಪಾಯವೂ ಸಿಕ್ಕಿರಲಿಲ್ಲ.

"ಎಲ್ಲಿ ಕಟ್ದೆಯೋ ಇದನ್ನ?" ಎಂದು ಕೇಳಿದರು.

"ಬಾಲ್ಕನೀಲಿ ಸಾರ್."

"ಮನೇಲಿ ಕಟ್ಟೋ ಸಾಮಾನೇ ಅಲ್ಲ ಇದು. ಮೊದಲು ಕೆಳಗಿಡು."

ಬೇಡವೆಂದೇ ಅವರು ಅರ್ಧ ಗಂಟೆ ಹೇಳಿದರು. ಇವನು ಮಗಳ ಮೂರು ಮಾತಿನ ಕತೆ ಹೇಳಿದ ಮೇಲೆ ಅವರ ಮನಸ್ಸು ಕರಗಿತು, ನಿಯಮ ಕರಗಲಿಲ್ಲ. ತಾರಸಿಗೆ ಎರಡು ಬಕೆಟ್ ನೀರು, ಒಂದು ಪುಟ್ಟಿ ಮರಳು, ಒದ್ದೆ ಗೋಣಿಚೀಲ ಬಂದವು. ಒಣಹಾಕಿದ ಬಟ್ಟೆಗಳೆಲ್ಲ ಇಳಿದವು. ಮೂರನೇ ಮಹಡಿಯ ವಿಘ್ನೇಶ್ ಬೆರಳು ಒದ್ದೆ ಮಾಡಿ ಗಾಳಿಯ ದಿಕ್ಕು ಹೇಳಿದ, ಮರುಕ್ಷಣವೇ ಬೇರೆ ದಿಕ್ಕು ಹೇಳಿದ. ಬಂದವರೆಲ್ಲ ಇಪ್ಪತ್ತು ಅಡಿ ಆಚೆ ನಿಂತ ಮೇಲೆ ಗುಂಡಣ್ಣನವರು ಹಸಿರು ಬಾವುಟ ಬೀಸಿದರು. ಶಿವರಂಜನ ಉದ್ದ ಕೋಲಿಗೆ ಊದುಬತ್ತಿ ಕಟ್ಟಿ ಉಂಡೆಗೆ ಮುಟ್ಟಿಸಿದ.

ಉಂಡೆ ಬಿಸಿ ಇಡ್ಲಿಯಷ್ಟು ಹೊಗೆ ಬಿಟ್ಟು, ಮಾವನ ಮನೆಯಲ್ಲಿ ಮುನಿಸಿಕೊಂಡ ಅಳಿಯನ ಹಾಗೆ ಸುಮ್ಮನೆ ಕೂತಿತು. ಶಿವರಂಜನ ಬಗ್ಗಿ ನೋಡಲು ಹೊರಟ. ಕೆಂಪು ಬಾವುಟ ಅಡ್ಡ ಬಂತು.

"ಸತ್ತಿದೆ ಅಂತ ಹತ್ರ ಹೋಗ್ಬೇಡ. ಮತ್ತೆ ಹಚ್ಲೂ ಬೇಡ. ಅರ್ಧ ಗಂಟೆ ಬಿಟ್ಟು ನೀರಲ್ಲಿ ಮುಳುಗಿಸು."

ಎರಡನೆಯದೂ ಹಾಗೇ ಆಯಿತು, ಮೂರನೆಯದೂ ಹಾಗೇ. ಮೂರು ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮಗಳು ಸಂಘದ ಮಾಧವಿಯವರ ಕಾರಿನಲ್ಲಿ ನಾಟಕಕ್ಕೆ ಹೋಗಿಯಾಗಿತ್ತು. ಗುಂಡಣ್ಣನವರ ಮಾತಿನಂತೆ ಉಂಡೆಗಳನ್ನು ಬಕೆಟ್ಟಿನಲ್ಲಿ ಮುಳುಗಿಸಿ, ಬಚ್ಚಲಲ್ಲಿಟ್ಟು, ಶಿವರಂಜನ ಮತ್ತೊಮ್ಮೆ ಪಟಾಕಿ ಅಂಗಡಿಗೆ ಓಡಿದ. ನೀಲಿ ಆಗಲೂ ಇರಲಿಲ್ಲ.

ಅಷ್ಟರಲ್ಲಿ ಅವನ ತಾಯಿ ಶಂಕ್ರಮ್ಮ ಬಚ್ಚಲಿಗೆ ಹೋದರು. ಬಕೆಟ್ ತುಂಬ ನೀಲಿ ನೀರು. ಮಗನಿಗೆ ಕೊನೆಗೂ ಬಿಳಿ ಬಟ್ಟೆಗೆ ನೀಲಿ ಹಾಕುವ ಬುದ್ಧಿ ಬಂತಲ್ಲ ಎಂದು ಹಿಗ್ಗಿ, ಅವನ ಬಿಳಿ ಪಂಚೆ, ಜುಬ್ಬಾ ಎರಡನ್ನೂ ಅದರಲ್ಲಿ ಅದ್ದಿ ಹಿಂಡಿ ಬಿಸಿಲಿಗೆ ಹಾಕಿದರು. ಕಣ್ಣು ಮಂಜಾದ್ದರಿಂದ ಬಣ್ಣ ಹದವಾಗಿಯೇ ಕಂಡಿತು.

"ಸ್ವಲ್ಪ ಜಾಸ್ತಿ ಆಗಿದೆ ಅಲ್ವೇನಮ್ಮಾ" ಎಂದ ಶಿವರಂಜನ, ಹೊತ್ತಾಗಿದ್ದರಿಂದ ಅದನ್ನೇ ತೊಟ್ಟು ಬಸ್ಸು ಹತ್ತಿದ. ಚೆನ್ನೈಯ ನಾಲ್ಕು ಗಂಟೆಯ ಬಸ್ಸು. ಬೆವರು ಇಳಿಯಿತು, ಬೆವರಿನ ಜೊತೆ ಬಣ್ಣವೂ ಇಳಿಯಿತು.

ಶಾಲೆಯ ಬಯಲಿನಲ್ಲಿ ವೇದಿಕೆ. ಹೊಗೆ ಇಲ್ಲವೆಂದು ತಿಳಿದ ತೇಜಶ್ರೀ ಜಟೆ ಕಿತ್ತು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು. ಆ ಕಡೆ ದೇವತೆಗಳು ಹಗ್ಗ ಎಳೆದು ಎಳೆದು ಸುಸ್ತಾಗಿದ್ದರು. ಶಿವರಂಜನ ಬೇಡಿಕೊಂಡ, ಗೋಗರೆದ, ಕತ್ತಿನ ಬೆವರು ಒರೆಸಿಕೊಂಡ. ಮಾಧವಿಯವರು ಅವನ ಕತ್ತನ್ನೇ ನೋಡುತ್ತ ನಿಂತರು.

"ವಿಷ ಕುಡಿದಾಗಿದೆಯಲ್ಲ ಇವರು" ಎಂದು ಜಟೆಯನ್ನು ಅವನ ತಲೆಗೇ ಇಟ್ಟು ವೇದಿಕೆಗೆ ದಬ್ಬಿದರು.

ಕೊರಳು ನೀಲಿ, ಕಿವಿ ನೀಲಿ, ಕೈ ನೀಲಿ. ಜನ ಎದ್ದು ಚಪ್ಪಾಳೆ ತಟ್ಟಿದರು. ಮೂರು ತಿಂಗಳಿಂದ ತಾನೇ ಕಲಿಸಿದ ಮೂರು ಮಾತು ಆ ಚಪ್ಪಾಳೆಯಲ್ಲಿ ಅವನ ತಲೆಯಿಂದ ಹಾರಿಹೋಯಿತು. ಪರದೆಯ ಪಕ್ಕದಿಂದ ತೇಜಶ್ರೀ ಪಿಸುಗುಟ್ಟಿದಳು, ಕೇಳಲಿಲ್ಲ. ಜೋರಾಗಿ ಹೇಳಿದಳು, ಅವನು ತಪ್ಪಾಗಿ ಹೇಳಿದ. ಕೊನೆಗೆ ತಡೆಯಲಾರದೆ ತಾನೇ ಬಂದು, ಅಪ್ಪನ ಕೊರಳು ಹಿಡಿದು, ಬಯಲಿನ ಕೊನೆಯವರೆಗೂ ಮುಟ್ಟುವಂತೆ ಹೇಳಿದಳು:

"ಅಂಜಬೇಡಿ ದೇವತೆಗಳೇ. ನಂಜು ನನಗಿರಲಿ, ಅಮೃತ ನಿಮಗಿರಲಿ. ಲೋಕ ತಂಪಾಗಿರಲಿ."

ಶಿವನ ಕಣ್ಣಲ್ಲಿ ನೀರು ಬಂತು. ಅದೂ ಕೆನ್ನೆಗಿಳಿಯುವಾಗ ನೀಲಿಯಾಯಿತು.

ಮನೆಗೆ ಹೋಗುವಾಗ ಆಟೋದಲ್ಲಿ ಮಗಳು ಮೆಲ್ಲಗೆ ಬಾಯಿಬಿಟ್ಟಳು. "ಅಪ್ಪಾ, ನಾಳೆ ಸ್ಕೂಲಲ್ಲಿ ಪೇರೆಂಟ್ಸ್ ಮೀಟಿಂಗಿಗೆ ನೀನು ಬರಬೇಡ. ಈ ಮುಖದಲ್ಲಿ ಬಂದ್ರೆ ನಂಗೆ ನಾಚಿಕೆ ಆಗತ್ತೆ."

ಪೂರಾ ಕನ್ನಡ. ಯಾರೂ ಬರೆದುಕೊಟ್ಟಿರಲಿಲ್ಲ, ಯಾರೂ ಕಲಿಸಿರಲಿಲ್ಲ. ಕನ್ನಡದಲ್ಲೇ ಯಾಕೆ ಹೇಳಿದೆ ಮಗಳೇ ಎಂದು ಅವನು ಕೇಳಿದ. ಅವಳು ಕಣ್ಣಲ್ಲೇ ಡ್ರೈವರನ್ನು ತೋರಿಸಿದಳು. ಅವನಿಗೆ ತಿಳಿಯಬಾರದಲ್ಲ.

"ನಾಲ್ಕು ದಿನಕ್ಕೆ ಹೋಗ್ಬಿಡ್ತದೆ ಬಿಡಮ್ಮ" ಎಂದ ಡ್ರೈವರ್, ಹಿಂತಿರುಗದೆ. "ಅಪ್ಪನ್ನ ಹಂಗೆಲ್ಲ ಅನ್ಬಾರ್ದು. ನಮ್ದು ಹೊಸೂರು."

ತೇಜಶ್ರೀ ಬಾಯಿ ಮುಚ್ಚಿದಳು. ಮುಚ್ಚಿದ ಆ ಬಾಯಿ ಇನ್ನು ಹನ್ನೊಂದು ವರ್ಷ ತೆರೆಯದೇನೋ ಎಂದು ಶಿವರಂಜನನಿಗೆ ದಿಗಿಲಾಯಿತು. ಅವಳು ಅವನ ಕಿವಿಗೆ ಬಾಗಿದಳು. "ಇವರಿಗೆ ಕನ್ನಡ ಬರತ್ತೆ. ಇಲ್ಲೇ ಇಳಿದು ಬೇರೆ ಆಟೋ ಹಿಡಿಯೋಣ."

ಇಳಿದರು. ಮುಂದಿನ ಎರಡು ಆಟೋದವರು ನೀಲಿ ಮನುಷ್ಯನನ್ನು ನೋಡಿ ನಿಲ್ಲಿಸದೆ ಹೋದರು. ಮೂರನೆಯವನು ನಿಲ್ಲಿಸಿದ. ಪೋರೂರಿಗೆ ಬರುತ್ತೀರಾ ಎಂದು ಅಪ್ಪ ಕೇಳುವ ಮೊದಲೇ ತೇಜಶ್ರೀ ಕೇಳಿದಳು: "ಅಣ್ಣಾ, ಉಂಗಳುಕ್ಕು ಕನ್ನಡಂ ತೆರಿಯುಮಾ?"

ತೆರಿಯಾದು, ಗೊತ್ತಿಲ್ಲ, ಎಂದು ಅವನು ತಲೆಯಾಡಿಸಿದ. ಅವಳು ನೆಮ್ಮದಿಯಾಗಿ ಹತ್ತಿ ಕೂತು, ಅಪ್ಪನ ಮೇಲೆ ಹನ್ನೊಂದು ವರ್ಷದಿಂದ ಕೂಡಿಟ್ಟಿದ್ದ ದೂರುಗಳನ್ನೆಲ್ಲ ಪೋರೂರು ಬರುವವರೆಗೂ ಒಂದೊಂದಾಗಿ, ಅಚ್ಚ ಕನ್ನಡದಲ್ಲಿ, ಹೇಳುತ್ತ ಹೋದಳು.