ಒಂಟಿ ಸವಾರ ಮತ್ತು ತಂತಿಯ ಮೇಲಿನ ನೀಲಕಂಠ

ದಿನಚರಿ ಬರೆಯುವವರಲ್ಲಿ ಎರಡು ಬಗೆ. ಮನಸ್ಸಿನಲ್ಲಿರುವುದನ್ನು ಬರೆಯುವವರು ಒಂದು ಬಗೆ. ಅದನ್ನು ಬರೆಯಲು ನಾಚಿಕೊಂಡು ಬರೀ ಎಣಿಕೆ ಬರೆದಿಡುವವರು ಇನ್ನೊಂದು. ನಾನು ಎರಡನೆಯವನು. ನನ್ನ ದಿನಚರಿಯನ್ನು ಯಾರಾದರೂ ಕದ್ದು ಓದಿದರೆ ಅವರಿಗೆ ಸಿಗುವುದು ವಾರ, ಮೈಲಿ, ನೋಡಿದ ಬಾವಿಗಳ ಸಂಖ್ಯೆ, ಅಷ್ಟೇ. ಅದನ್ನೂ ಕನ್ನಡದಲ್ಲಿ ಬರೆಯುತ್ತೇನೆ. ಕೊಯಮತ್ತೂರಿನ ನಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ನನ್ನೊಬ್ಬನ ಹೊರತು ಯಾರಿಗೂ ಅದನ್ನು ಓದಲು ಬಾರದು. ಹಾಗಾಗಿ ಬೀಗವೇ ಬೇಡದ ದಿನಚರಿ ನನ್ನದು. ಆದರೆ ಯಾರೂ ಕದ್ದು ಓದದ ದಿನಚರಿಯೂ ಒಂದು ದಿನಚರಿಯೇನು ಎಂದು ಆಗಾಗ ಬೇಸರವಾಗುವುದುಂಟು.

ನಾನು ಪಂಪ್‌ಸೆಟ್ ಮಾಡುವ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದೇನೆ. ಸೋಮವಾರ, ಬುಧವಾರ, ಶುಕ್ರವಾರ ಕಂಪನಿಯ ಮೋಟಾರ್ ಸೈಕಲ್ ಏರಿ ಕಿಣತ್ತುಕಡವಿನ ಕಡೆಗೋ, ಇನ್ನೂ ದೂರದ ಉಡುಮಲೈಪೇಟೆಯ ಕಡೆಗೋ ಹೋಗಿ, ರೈತರ ಬಾವಿಗಳಲ್ಲಿ ನಮ್ಮ ಪಂಪುಗಳು ನೀರೆತ್ತುತ್ತಿವೆಯೋ ಇಲ್ಲವೋ ನೋಡಿ ಬರಬೇಕು. ಹೋಗುವವನು ನಾನೊಬ್ಬನೇ. ಕಿಣತ್ತುಕಡವಿಗೆ ಸ್ವಲ್ಪ ಮೊದಲು ಒಂದು ತಾಳೆಮರ ಇದೆ. ಅಲ್ಲಿಗೆ ಬರುವಷ್ಟರಲ್ಲಿ ಎಂಜಿನ್ ಕಾದಿರುತ್ತದೆ. ನಿಲ್ಲಿಸಿ ಹತ್ತು ನಿಮಿಷ ಆರಿಸುತ್ತೇನೆ. ಗಾಡಿಯ ಸದ್ದು ನಿಂತ ಮೇಲೆ ಮೊದಲ ಎರಡು ನಿಮಿಷ ಲೋಕವೆಲ್ಲ ನನ್ನ ಮೇಲೆ ಮುನಿಸಿಕೊಂಡಂತೆ ಸುಮ್ಮನಿರುತ್ತದೆ. ಮೂರನೆಯ ನಿಮಿಷಕ್ಕೆ ಒಂದು ಅಳಿಲು ಇಳಿದು ಬರುತ್ತದೆ. ಬೇಲಿಯ ಬುಡದಿಂದ ಮುಂಗುಸಿ ಇಣುಕುತ್ತದೆ. ಹತ್ತಿ ಹೊಲದಲ್ಲಿ ನವಿಲು ತನ್ನ ಬಾಲವನ್ನು ಸೀರೆ ಸೆರಗಿನಂತೆ ಎಳೆದುಕೊಂಡು ನಡೆಯುತ್ತದೆ. ಕರೆಂಟ್ ತಂತಿಯ ಮೇಲೆ ನೀಲಕಂಠ ಹಕ್ಕಿ ಕುಳಿತಿರುತ್ತದೆ. ಕುಳಿತಾಗ ಅದು ಕಂದು ಕೋಟು ತೊಟ್ಟ ಗುಮಾಸ್ತನಂತೆ. ಹಾರಿದರೆ ಮಾತ್ರ ಎರಡು ರೆಕ್ಕೆಯಲ್ಲೂ ನೀಲಿ ಹೊತ್ತಿಕೊಳ್ಳುತ್ತದೆ. ಇವನ್ನೆಲ್ಲ ಎಣಿಸಿ ಬರೆದುಕೊಳ್ಳುವಾಗ ನನ್ನ ಮನಸ್ಸಿಗೆ ಆಗುವ ಸಮಾಧಾನಕ್ಕೆ ಮಾತ್ರ ದಿನಚರಿಯಲ್ಲಿ ಕಾಲಂ ಇಲ್ಲ.

ಆದರೆ ಕಳೆದ ದೀಪಾವಳಿಯ ನಂತರ ನಾನು ಹೊಸದೊಂದು ಕಾಲಂ ಹಾಕಬೇಕಾಯಿತು. ಅದರ ತಲೆಬರಹ: ‘ನನ್ನನ್ನು ಕಂಡು ಹಿಂದಿರುಗಿದವರು’. ಒಂಟಿ ಬ್ರಾಹ್ಮಣ ಎದುರಾದರೆ ಹೊರಟ ಕೆಲಸ ಕೆಡುತ್ತದೆ ಎಂಬ ನಂಬಿಕೆ ನಮ್ಮ ಸೀಮೆಯಲ್ಲಿ ಗಟ್ಟಿಯಾಗಿದೆ. ಹಾಗೆ ಎದುರಾದರೆ ಮನೆಗೆ ಹಿಂದಿರುಗಿ, ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ನಾನೋ ಮಾಧ್ವ ಬ್ರಾಹ್ಮಣ; ನನ್ನ ಹಣೆಯ ಮೇಲೆ ಅಮ್ಮ ಕಡ್ಡಾಯ ಮಾಡಿರುವ ಕಪ್ಪು ಅಂಗಾರದ ಗೆರೆ ಅರ್ಧ ಫರ್ಲಾಂಗಿನಿಂದಲೇ ಕಾಣುತ್ತದೆ. ತಮಾಷೆಯೆಂದರೆ, ನಾನು ಹೊರಡುವಾಗ ನನಗೆ ಒಳ್ಳೆಯ ಶಕುನವಾಗಲೆಂದು ಅಮ್ಮ ಅತ್ತಿಗೆಯ ಕೈಗೆ ತುಂಬಿದ ಕೊಡ ಕೊಟ್ಟು ಬೀದಿಯಲ್ಲಿ ಎದುರು ನಡೆಸುತ್ತಾಳೆ. “ಬೇಗ ಹೊರಡಪ್ಪ, ಕೈ ನೋಯುತ್ತೆ,” ಎಂದು ಅತ್ತಿಗೆ ಹಲ್ಲು ಕಚ್ಚಿಕೊಂಡು ನಗುತ್ತಾರೆ. ಇಷ್ಟು ಸಿದ್ಧತೆಯಿಂದ ಶುಭಶಕುನ ಪಡೆದು ಹೊರಟವನು ದಾರಿಯುದ್ದಕ್ಕೂ ಉಳಿದವರಿಗೆ ಅಪಶಕುನ ಹಂಚುತ್ತ ಹೋಗುತ್ತೇನೆ.

ಹಿಂದಿರುಗಿದವರಲ್ಲಿ ಮೊದಲ ಸ್ಥಾನ ಒಬ್ಬ ಮುದುಕ ರೈತರದು. ತಾಳೆಮರದ ಹತ್ತಿರ ನಾನು ನಿಂತಿರುವ ಹೊತ್ತಿಗೇ ಅವರು ಎತ್ತಿನ ಗಾಡಿಯಲ್ಲಿ ಬದನೆಕಾಯಿ ಹೇರಿಕೊಂಡು ದಿನಕ್ಕೊಂದು ಊರಿನ ಸಂತೆಗೆ ಹೊರಡುತ್ತಿದ್ದರು. ನನ್ನನ್ನು ಕಂಡೊಡನೆ ಗಾಡಿ ತಿರುಗುತ್ತಿತ್ತು. ಹೀಗೆ ಏಳು ಸಲ ಆಯಿತು. ಮುಂಗುಸಿ ಕೂಡ ನನ್ನನ್ನು ಇಷ್ಟು ಬೇಗ ತಿರಸ್ಕರಿಸಿರಲಿಲ್ಲ. ನನಗೆ ಬೇಕಿದ್ದದ್ದು ದೊಡ್ಡದೇನಲ್ಲ. ನನ್ನನ್ನು ನೋಡಿ ಒಬ್ಬ ಮನುಷ್ಯನಾದರೂ ಗಾಡಿ ತಿರುಗಿಸದೆ ನಿಲ್ಲಿಸಬೇಕು, ಅಷ್ಟೇ.

ಎಂಟನೆಯ ಸಲ, ಒಂದು ಬುಧವಾರ, ಅವರು ಎತ್ತುಗಳೊಡನೆ ಗೊಣಗಿದ್ದು ನನ್ನ ಕಿವಿಗೆ ಬಿತ್ತು. “ಬಂದ್ಬುಟ್ನಲ್ಲಪ್ಪಾ ಒಂಟಿ ಅಯ್ಯರು! ಇವ್ನ ಮೊಖ ನೋಡ್ಕೊಂಡು ಸಂತೆಗೆ ಹೋದ್ರೆ ಆಯ್ತು ನನ್ ಕತೆ. ತಿರುಗ್ರೋ!”

ಅಚ್ಚ ಕನ್ನಡ! ಮನೆ ಬಿಟ್ಟರೆ ದಾರಿಯಲ್ಲೆಲ್ಲ ತಮಿಳನ್ನೇ ಕೇಳುವ ನನಗೆ, ಮನೆಮಾತಿನಲ್ಲಿ ಬಂದ ಆ ಬೈಗುಳ ಕೂಡ ಹಿತವಾಗಿತ್ತು.

“ಯಜಮಾನ್ರೇ, ನಾನೇನು ಮಾಡ್ಲಿ? ನನ್ನ ಜೊತೆಗೆ ಯಾರೂ ಬರಲ್ವಲ್ಲ!” ಎಂದು ಕೂಗಿದೆ.

ಅವರು ಎತ್ತಿನ ಹಗ್ಗ ಜಗ್ಗಿ ನಿಲ್ಲಿಸಿದರು. “ಅಯ್ಯೋ ಸಾಮಿ, ನೀವು ಕನ್ನಡದವ್ರಾ? ಮೊದ್ಲೇ ಹೇಳ್ಬಾರ್ದಾ?”

“ಹೇಳೋಕೆ ನೀವು ನಿಂತ್ರೆ ತಾನೇ?”

ಅವರು ಗೌಡರು, ಎಷ್ಟೋ ತಲೆಮಾರಿನಿಂದ ಅಲ್ಲೇ ಬೇಸಾಯ. ಸ್ವಲ್ಪ ನಾಚಿಕೊಂಡರೂ ಪಟ್ಟು ಬಿಡಲಿಲ್ಲ. “ತಪ್ಪು ತಿಳೀಬೇಡಿ. ಇಬ್ರು ಅಯ್ಯರು ಬಂದ್ರೆ ತೊಂದ್ರೆ ಇಲ್ಲ. ನೀವು ಒಬ್ರೇ ಬರ್ತೀರಲ್ಲ! ಒಂದು ಕಲ್ಯಾಣ ಮಾಡ್ಕೊಳ್ಳಿ. ಹಿಂದಿನ ಸೀಟ್ ತುಂಬ್ಲಿ. ಆಮೇಲೆ ನಾನ್ಯಾಕೆ ತಿರುಗ್ಲಿ?”

“ಅಲ್ಲೀವರೆಗೂ?”

“ಅಲ್ಲೀವರೆಗೂ ಕೊಂಜ, ಒಸಿ ಲೇಟಾಗಿ ಬನ್ನಿ.”

ಹತಾಶನಾಗಿ ಮೇಲೆ ನೋಡಿದೆ. ತಂತಿಯ ಮೇಲೆ ನೀಲಕಂಠ ಇತ್ತು. ಅದನ್ನು ಕಂಡರೆ ಶುಭವೆಂದು ಅಮ್ಮ ಹೇಳಿದ್ದು ನೆನಪಾಯಿತು. ಬೆರಳು ಮಾಡಿ ತೋರಿಸಿದೆ. ಗೌಡರು ಹಣೆಗೆ ಕೈ ಅಡ್ಡ ಹಿಡಿದು, “ಅಡ, ಪನಂಗಾಡೈ!” ಎಂದು ಅದರ ತಮಿಳು ಹೆಸರು ಹೇಳಿ ಕೈಮುಗಿದರು. ಆಮೇಲೆ ಎತ್ತುಗಳ ಬೆನ್ನು ಸವರುತ್ತ ಬಹಳ ಹೊತ್ತು ಯೋಚಿಸಿ, “ನೀವೊಂದು ಕೆಟ್ಟದ್ದು, ಅದೊಂದು ಒಳ್ಳೇದು. ಸರಿಗೆ ಸರಿ,” ಎಂದು ತೀರ್ಪು ಕೊಟ್ಟು ಸಂತೆಯ ಕಡೆ ಹೊಡೆದರು. ನನ್ನ ಜೀವನದಲ್ಲಿ ನಾನು ಯಾರೊಡನೆಯಾದರೂ ಸರಿಸಮವಾಗಿದ್ದು ಅದೇ ಮೊದಲು, ಅದೂ ಹಕ್ಕಿಯೊಡನೆ.

ಅಂದಿನಿಂದ ವಾರಕ್ಕೆ ಮೂರು ದಿನ ಗೌಡರು ಗಾಡಿ ನಿಲ್ಲಿಸಿ, ಮೊದಲು ಹಕ್ಕಿಯನ್ನು, ಆಮೇಲೆ ನನ್ನನ್ನು ನೋಡುವ ಪದ್ಧತಿಯಾಯಿತು. ಹತ್ತು ನಿಮಿಷ ಮಾತು. ಎತ್ತಿಗೆ ಕಾಲುಬಾವು, ಬದನೆಗೆ ಹುಳು, ಹೊಸೂರಿಗೆ ಕೊಟ್ಟ ಮಗಳು ಈಗ ಇವರ ಕನ್ನಡವನ್ನೇ ತಿದ್ದುತ್ತಾಳಂತೆ. “ಕಲ್ಯಾಣ ಏನಾಯ್ತು ಸಾಮಿ?” ಎಂದು ಕೊನೆಗೆ ಕೇಳದೆ ಹೋಗುತ್ತಿರಲಿಲ್ಲ. ನನ್ನ ಹೊಸ ಕಾಲಮ್ಮಿನಲ್ಲಿ ಅವರ ಹೆಸರಿನ ಮುಂದೆ ಸಾಲಾಗಿ ಸೊನ್ನೆ ಬೀಳತೊಡಗಿತು. ಸೊನ್ನೆ ಬರೆದು ಇಷ್ಟು ಸಂತೋಷಪಟ್ಟವನು ಇನ್ನೊಬ್ಬ ಇರಲಾರ.

ಬಿಸಿಲು ಬಲಿತ ಮೇಲೆ ಒಂದು ಶುಕ್ರವಾರ ತಂತಿ ಬರಿದಾಗಿತ್ತು. ಈ ಹಕ್ಕಿಗಳು ಮರಿ ಮಾಡಲು ಬೇರೆಡೆ ಹೋಗುತ್ತವೆ ಎಂದು ಕೇಳಿದ್ದೆ. ಅದು ನನಗೆ ಹೇಳದೆಯೇ ಹೋಗಿಬಿಡುತ್ತದೆ ಎಂದು ಎಣಿಸಿರಲಿಲ್ಲ. ತಾಳೆಮರ, ಬೇಲಿ, ಬಾವಿಯ ಕಟ್ಟೆ ಎಲ್ಲ ಹುಡುಕಿದೆ. ದೂರದಲ್ಲಿ ಎತ್ತಿನ ಗಂಟೆ ಕೇಳಿತು. ಹಕ್ಕಿ ಇಲ್ಲದಿದ್ದರೆ ನಾನು ಬರೀ ಕೆಟ್ಟದ್ದು. ಗಾಡಿ ಮತ್ತೆ ತಿರುಗುತ್ತದೆ.

ಗೌಡರು ಬಂದರು. ಹಗ್ಗ ಜಗ್ಗಿದರು. ತಂತಿಯನ್ನು ಈ ಕಂಬದಿಂದ ಆ ಕಂಬದವರೆಗೆ ನಿಧಾನವಾಗಿ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ, ತಾಳೆಮರದ ನೆತ್ತಿಯ ಒಂದು ಒಣಗರಿಯತ್ತ ಚಾಟಿಯ ಕೋಲು ತೋರಿಸಿ, “ಅದೋ, ಕುಂತೈತಲ್ಲ ಸಾಮಿ!” ಎಂದರು.

ಅಲ್ಲಿ ಏನೂ ಇರಲಿಲ್ಲ. ಅರ್ಧ ಮೈಲಿ ದೂರದ ಮುಂಗುಸಿಯನ್ನೂ ತಪ್ಪದೆ ಎಣಿಸುವ ಕಣ್ಣು ನನ್ನದು. ಗೌಡರ ಮುಖ ನೋಡಿದೆ. ಅವರು ನನ್ನನ್ನು ನೋಡದೆ ಎತ್ತಿನ ಕೊಂಬಿನಲ್ಲಿ ಇಲ್ಲದ ಧೂಳು ಒರೆಸುತ್ತಿದ್ದರು.

“ಹೌದು ಗೌಡ್ರೇ,” ಎಂದೆ. “ಒಂದಲ್ಲ, ಎರಡಿವೆ.”

“ಎರಡಾ? ಬಲೇ!” ಎಂದು ಅವರು ಎಂದಿಗಿಂತ ಐದು ನಿಮಿಷ ಹೆಚ್ಚಾಗಿಯೇ ನಿಂತು ಮಾತಾಡಿ ಹೋದರು.

ಅಂದು ಸಂಜೆ ದಿನಚರಿ ಬರೆಯುವಾಗ ಲೇಖನಿ ಬಹಳ ಹೊತ್ತು ತಡೆಯಿತು. ಕೊನೆಗೆ, ಇಬ್ಬರು ಸಾಕ್ಷಿಗಳಿರುವಾಗ ಅನುಮಾನ ಸಲ್ಲದೆಂದು, ‘ನೀಲಕಂಠ: ಎರಡು’ ಎಂದು ಬರೆದೆ. ಆ ಪುಸ್ತಕದಲ್ಲಿರುವ ಸುಳ್ಳು ಅದೊಂದೇ. ಅತ್ತಿಗೆ ಬಂದು, ಯಾಕೆ ಒಬ್ಬನೇ ನಗುತ್ತೀ ಎಂದು ಕೇಳಿದರು. ಏನು ಹೇಳಲಿ? ಮರದಲ್ಲಿ ಇಲ್ಲವೇ ಇಲ್ಲದ ಹಕ್ಕಿಗೂ ಒಂದು ಜೋಡಿ ಹುಡುಕಿಕೊಟ್ಟು ಬಂದ ಪುಣ್ಯಾತ್ಮ ನಾನು. ನನ್ನ ಹಿಂದಿನ ಸೀಟಿನ ಲೆಕ್ಕ ಮಾತ್ರ ಅಂದೂ ಸೊನ್ನೆ.